ಮೆತ್ತಗಾದ ಪೆಡಲು: ದ್ರವ ಬ್ರೇಕಿನ ಚರಿತ್ರೆ ಕಲಿಸುವ ಪಾಠ

ತುಮಕೂರು ನಗರದ ಉತ್ತರದ ಅಂಚಿನಲ್ಲಿ, ಶಿರಾ ಕಡೆಗೆ ಸಾಗುವ ಹೆದ್ದಾರಿಯ ಬದಿಯಲ್ಲಿ ಅಂತರಸನಹಳ್ಳಿ ಇದೆ. ಇಲ್ಲಿ ಕೈಗಾರಿಕಾ ಪ್ರದೇಶವಿದೆ, ತರಕಾರಿಯ ಸಗಟು ಮಾರುಕಟ್ಟೆಯಿದೆ. ಹಿಂದೆ 4ನೆಯ ಸಂಖ್ಯೆಯದಾಗಿದ್ದು ಈಗ 48ನೆಯ ಸಂಖ್ಯೆಯದಾಗಿರುವ ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೂ ವಾಹನಗಳ ಸಾಲು. ಹತ್ತು ಹನ್ನೆರಡು ಚಕ್ರಗಳ ದೊಡ್ಡ ಲಾರಿಗಳ ನಡುವೆ, ಹಳ್ಳಿಗಳಿಂದ ಟೊಮೇಟೊ, ಕೋಸು, ಹುರುಳಿಕಾಯಿ ತುಂಬಿಕೊಂಡು ಬರುವ ಸಣ್ಣ ಲಾರಿಗಳೂ ಇರುತ್ತವೆ. ಇಂಥ ಊರಿನಲ್ಲಿ ಬ್ರೇಕ್ ರಿಪೇರಿ ಎಂಬುದು ನಿತ್ಯದ ಕೆಲಸ.

ಬ್ರೇಕ್ ಕೆಲಸ ಮಾಡುವವರಿಗೆಲ್ಲ ಪರಿಚಿತವಾದ ಒಂದು ತೊಂದರೆಯಿದೆ. ಸಣ್ಣ ಲಾರಿಯೊಂದರ ಲೈನರ್ ಸವೆದಿತ್ತು, ವೀಲ್ ಸಿಲಿಂಡರ್ ಸೋರುತ್ತಿತ್ತು. ಎಲ್ಲವನ್ನೂ ಬದಲಾಯಿಸಿದ್ದಾಯಿತು. ಹೊಸ ಬ್ರೇಕ್ ಆಯಿಲ್ ಹಾಕಿದ್ದೂ ಆಯಿತು. ಆದರೆ ಪೆಡಲು ತುಳಿದರೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಸ್ಪಂಜನ್ನು ಒತ್ತಿದಂತೆ ಕೆಳಗಿಳಿಯುತ್ತದೆ. ಬೇಗಬೇಗ ಎರಡು ಮೂರು ಸಲ ತುಳಿದರೆ ಸ್ವಲ್ಪ ಮೇಲೆ ಬರುತ್ತದೆ. ಹಳೆಯ ಭಾಗಗಳಿದ್ದಾಗ ಇದಕ್ಕಿಂತ ಚೆನ್ನಾಗಿತ್ತಲ್ಲ ಎಂದು ಚಾಲಕ ಕೇಳುತ್ತಾನೆ. ಮಾಲೀಕನಿಗೆ ಸಂಜೆಯೊಳಗೆ ಲೋಡು ಸಾಗಬೇಕು, ತರಕಾರಿ ಕಾಯುವುದಿಲ್ಲ. ಆಗ ಯಾರಾದರೊಬ್ಬರು ಹೇಳುವ ಮಾತು: "ಓಡ್ತಾ ಓಡ್ತಾ ಸರಿಹೋಗುತ್ತೆ, ಅಲ್ಲಿತನಕ ಪಂಪ್ ಹೊಡ್ಕೊಂಡು ಹೋಗು."

ಸರಿಹೋಗುವುದಿಲ್ಲ. ಪಂಪ್ ಹೊಡೆದಾಗ ಪೆಡಲು ಮೇಲೆ ಬರುವುದು ದೋಷಕ್ಕೆ ಪರಿಹಾರವಲ್ಲ. ದೋಷ ಇದೆ ಎಂಬುದಕ್ಕೆ ಸಾಕ್ಷಿ. ಅದು ಎಲ್ಲಿದೆ ಎಂದು ಹುಡುಕಲು ದ್ರವ ಬ್ರೇಕ್ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂಬುದನ್ನು ತಿಳಿಯುವುದು ಒಳ್ಳೆಯ ದಾರಿ. ಏಕೆಂದರೆ ಇಂದು ಪೆಡಲನ್ನು ಮೆತ್ತಗಾಗಿಸುವ ಕಾರಣಗಳಲ್ಲಿ ಹೆಚ್ಚಿನವನ್ನು ಈ ಬ್ರೇಕನ್ನು ರೂಪಿಸಿದವರೂ ಒಂದೊಂದಾಗಿ ಎದುರಿಸಬೇಕಾಗಿ ಬಂದಿತ್ತು.

ಸಲಾಕೆ ಮತ್ತು ತಂತಿಯ ಕಾಲ

ಚಕ್ರದ ಪಟ್ಟಿಗೆ ಮರದ ದಿಮ್ಮಿಯನ್ನು ಒತ್ತಿ ಗಾಡಿ ನಿಲ್ಲಿಸುವುದು ಹಳೆಯ ಉಪಾಯ. ಮೋಟಾರು ವಾಹನ ಬಂದ ಮೇಲೆ ಚಕ್ರದ ಜೊತೆ ತಿರುಗುವ ಡ್ರಮ್ಮು, ಅದಕ್ಕೆ ಒಳಗಿನಿಂದ ಒತ್ತಿಕೊಳ್ಳುವ ಬ್ರೇಕ್ ಶೂಗಳು ಬಂದವು. ಆದರೆ ಪೆಡಲಿನಿಂದ ಶೂವರೆಗೆ ಬಲವನ್ನು ಒಯ್ಯುತ್ತಿದ್ದುದು ಕಬ್ಬಿಣದ ಸಲಾಕೆ, ಇಲ್ಲವೇ ತಂತಿ.

ಇದರಲ್ಲಿ ಒಂದು ಮೂಲಭೂತ ತೊಡಕಿತ್ತು. ನಾಲ್ಕು ಚಕ್ರಗಳಿಗೆ ನಾಲ್ಕು ಸಲಾಕೆ. ಒಂದು ತುಸು ಸಡಿಲವಾದರೂ ಆ ಚಕ್ರಕ್ಕೆ ಬ್ರೇಕ್ ಕಡಿಮೆ, ವಾಹನ ಒಂದು ಪಕ್ಕಕ್ಕೆ ಎಳೆಯುತ್ತದೆ. ಮುಂಚಕ್ರ ಬಲಕ್ಕೂ ಎಡಕ್ಕೂ ತಿರುಗಬೇಕು, ಹಳ್ಳ ದಿಣ್ಣೆಗಳಲ್ಲಿ ಮೇಲೆ ಕೆಳಗೆ ಆಡಬೇಕು. ಹಾಗೆ ಆಡುವಾಗಲೂ ಸಲಾಕೆಯ ಎಳೆತ ಬದಲಾಗದಂತೆ ನೋಡಿಕೊಳ್ಳುವುದು ಬಹಳ ಕಷ್ಟ. ಆರಂಭದ ಅನೇಕ ಕಾರುಗಳಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಬ್ರೇಕ್ ಇದ್ದುದಕ್ಕೆ ಇದೂ ಒಂದು ಕಾರಣ. ನಾಲ್ಕೂ ಚಕ್ರಗಳಿಗೆ ಸಮನಾದ ಒತ್ತು ತಲುಪಿಸುವ ಬೇರೊಂದು ಮಾಧ್ಯಮ ಬೇಕಿತ್ತು. ಅದಕ್ಕೆ ಬೇಕಾದ ವಿಜ್ಞಾನ ಎರಡೂವರೆ ಶತಮಾನ ಮೊದಲೇ ಸಿದ್ಧವಾಗಿತ್ತು.

ಒಂದೇ ಕೊಳವೆಯಲ್ಲಿ ಎರಡು ನಿಯಮಗಳು

ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 1650ರ ದಶಕದಲ್ಲಿ ದ್ರವಗಳ ಸಮತೋಲವನ್ನು ಕುರಿತು ಬರೆದ ಗ್ರಂಥ ಅವನ ಮರಣಾನಂತರ 1663ರಲ್ಲಿ ಪ್ರಕಟವಾಯಿತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಡ ಹೇರಿದರೆ ಆ ಒತ್ತಡ ಎಲ್ಲ ದಿಕ್ಕುಗಳಿಗೂ ಕುಂದದೆ ಹರಡುತ್ತದೆ ಎಂಬುದು ನಾವು ಶಾಲೆಯಲ್ಲಿ ಓದುವ ಪಾಸ್ಕಲನ ನಿಯಮ. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ 1662ರಲ್ಲಿ ಇನ್ನೊಂದು ನಿಯಮವನ್ನು ಪ್ರಕಟಿಸಿದ. ಉಷ್ಣತೆ ಬದಲಾಗದಿದ್ದರೆ, ಅನಿಲದ ಮೇಲೆ ಒತ್ತಡ ಎಷ್ಟು ಪಟ್ಟು ಹೆಚ್ಚಿದರೆ ಗಾತ್ರ ಅಷ್ಟು ಪಟ್ಟು ಕುಗ್ಗುತ್ತದೆ.

ಬ್ರೇಕ್ ಕೊಳವೆ ಪಾಸ್ಕಲನ ನಿಯಮವನ್ನು ನಂಬಿಕೊಂಡಿದೆ. ಅದರೊಳಗೆ ಗಾಳಿ ಹೊಕ್ಕರೆ ಬಾಯ್ಲನ ನಿಯಮವೂ ಕೆಲಸ ಮಾಡತೊಡಗುತ್ತದೆ. ಇದನ್ನು ಸಣ್ಣ ಲೆಕ್ಕದಿಂದ ನೋಡೋಣ.

ಚಾಲಕ 40 ಕೆ.ಜಿ. ತೂಕದಷ್ಟು ಬಲದಿಂದ ಪೆಡಲು ತುಳಿಯುತ್ತಾನೆ ಎಂದಿಟ್ಟುಕೊಳ್ಳಿ. ಪೆಡಲು ಒಂದು ಸನ್ನೆ. ಅದು ಬಲವನ್ನು 5 ಪಟ್ಟು ಹೆಚ್ಚಿಸಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 200 ಕೆ.ಜಿ. ಬೀಳುತ್ತದೆ. ಪಿಸ್ಟನ್ನಿನ ಅಡ್ಡಳತೆ ಒಂದು ಅಂಗುಲವಿದ್ದರೆ ಅದರ ಕ್ಷೇತ್ರ ಸುಮಾರು 5 ಚದರ ಸೆಂ.ಮೀ. ಹೀಗಾಗಿ ದ್ರವದಲ್ಲಿ ಚದರ ಸೆಂ.ಮೀ.ಗೆ 40 ಕೆ.ಜಿ., ಅಂದರೆ ವಾತಾವರಣದ ಒತ್ತಡದ ಸುಮಾರು 40 ಪಟ್ಟು ಒತ್ತಡ ಉಂಟಾಗುತ್ತದೆ. ಬೂಸ್ಟರ್ ಇದ್ದರೆ ಇನ್ನೂ ಹೆಚ್ಚು.

ಈಗ ಕೊಳವೆಯಲ್ಲಿ ಎಲ್ಲೋ ಒಂದು ಕಡೆ 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚದಷ್ಟು ಗಾಳಿ ಉಳಿದಿದೆ. 40 ಪಟ್ಟು ಒತ್ತಡಕ್ಕೆ ಅದು ಒಂದು ಮಿಲಿಲೀಟರಿನ ಎಂಟನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಕುಗ್ಗಿದ ಜಾಗವನ್ನು ತುಂಬಲು ಪಿಸ್ಟನ್ ಸುಮಾರು 1 ಸೆಂ.ಮೀ. ಹೆಚ್ಚು ಚಲಿಸಬೇಕು. ಸನ್ನೆಯ ಲೆಕ್ಕದಲ್ಲಿ ಪೆಡಲು 5 ಸೆಂ.ಮೀ. ಹೆಚ್ಚು ಇಳಿಯಬೇಕು. ಒಂದು ಚಮಚ ಗಾಳಿ ಪೆಡಲಿನ ಓಟದಲ್ಲಿ 5 ಸೆಂ.ಮೀ. ನುಂಗಿತು! ಅದೇ ವ್ಯವಸ್ಥೆಯಲ್ಲಿರುವ 200 ಮಿಲಿಲೀಟರ್ ದ್ರವ ಅಷ್ಟೇ ಒತ್ತಡಕ್ಕೆ ಕುಗ್ಗುವುದು ಅರ್ಧ ಮಿಲಿಲೀಟರಿಗಿಂತ ಕಡಿಮೆ.

ಗಾಳಿಯ ಕುಗ್ಗುವಿಕೆ ಮೊದಮೊದಲು ಬಹಳ, ಆಮೇಲೆ ಕಡಿಮೆ. ಒತ್ತಡ 10 ಪಟ್ಟು ಆಗುವಷ್ಟರಲ್ಲಿ ಗಾತ್ರದ ಹತ್ತರಲ್ಲಿ ಒಂಬತ್ತು ಪಾಲು ಕುಗ್ಗಿರುತ್ತದೆ. ಕಾಲಿಗೆ ಸ್ಪಂಜಿನ ಅನುಭವವಾಗುವುದು ಇದರಿಂದಲೇ. ಮೊದಲು ಮೆತ್ತಗೆ ಇಳಿದು, ಕೊನೆಯಲ್ಲಿ ಬಿಗಿಯಾಗಿ, ಕಾಲು ತೆಗೆದೊಡನೆ ಪುಟಿದು ಮೇಲೆ ಬರುತ್ತದೆ.

ಚರ್ಮದ ಬಟ್ಟಲಿನಿಂದ ರಬ್ಬರ್ ಬಟ್ಟಲಿಗೆ

ಪಾಸ್ಕಲನ ನಿಯಮವನ್ನು ಕೈಗಾರಿಕೆಗೆ ತಂದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. 1795ರಲ್ಲಿ ಅವನು ದ್ರವಚಾಲಿತ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಅವನಿಗೆ ಎದುರಾದ ದೊಡ್ಡ ಸಮಸ್ಯೆ ಸೋರಿಕೆ. ಪಿಸ್ಟನ್ ಸುತ್ತ ಬಿಗಿಯಾಗಿ ಗಿಡಿದರೆ ಅದು ಚಲಿಸುವುದಿಲ್ಲ. ಸಡಿಲ ಬಿಟ್ಟರೆ ನೀರು ಸೋರುತ್ತದೆ. ಇದಕ್ಕೆ ಸಿಕ್ಕ ಪರಿಹಾರ ಅಂಚು ಬಾಗಿದ ಚರ್ಮದ ಉಂಗುರ. ದ್ರವದ ಒತ್ತಡವೇ ಆ ಅಂಚನ್ನು ಗೋಡೆಗೆ ಅಮುಕುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚು, ಒತ್ತಡ ಇಳಿದರೆ ಬಿಗಿಯೂ ಸಡಿಲ. ಬ್ರಾಮಾನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲೇ ಇದನ್ನು ರೂಪಿಸಿದನೆಂದು ಹೇಳುತ್ತಾರೆ.

ಇಂದು ವೀಲ್ ಸಿಲಿಂಡರ್ ಕಿಟ್ಟಿನಲ್ಲಿ ಸಿಗುವ ರಬ್ಬರ್ ಬಟ್ಟಲು ಈ ಚರ್ಮದ ಉಂಗುರದ ವಂಶದ್ದೇ. ಬಟ್ಟಲಿನ ಬಾಯಿ ಯಾವಾಗಲೂ ದ್ರವದ ಕಡೆಗೇ ಇರಬೇಕೆಂಬ ನಿಯಮ ಬಂದುದು ಇಲ್ಲಿಂದ. ತಿರುವುಮುರುವಾಗಿ ಕೂರಿಸಿದರೆ ಒತ್ತಡ ಅಂಚನ್ನು ಗೋಡೆಗೆ ಅಮುಕುವ ಬದಲು ಗೋಡೆಯಿಂದ ಬಿಡಿಸುತ್ತದೆ.

ಮೋಟಾರು ವಾಹನಕ್ಕೆ ದ್ರವ ಬ್ರೇಕನ್ನು ಅಳವಡಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. ಇವನ ಸಹೋದರ ಅಲನ್ ವಿಮಾನ ತಯಾರಿಕೆಯಿಂದ ಪ್ರಸಿದ್ಧನಾದ. ಮಾಲ್ಕಮ್ 1917ರಲ್ಲಿ ಬ್ರೇಕಿಗೆ ಪೇಟೆಂಟ್ ಪಡೆದ. 1921ರ ಡ್ಯೂಸೆನ್‌ಬರ್ಗ್ ಎ ಮಾದರಿಯ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ದ್ರವ ಬ್ರೇಕ್ ಬಂದಿತು. 1924ರಲ್ಲಿ ಕ್ರೈಸ್ಲರ್ ಕಾರು ಇದನ್ನು ಹೆಚ್ಚು ಜನರಿಗೆ ತಲುಪಿಸಿತು. ಸೋರುತ್ತಿದ್ದ ಚರ್ಮದ ಬಟ್ಟಲುಗಳ ಜಾಗದಲ್ಲಿ ರಬ್ಬರ್ ಬಟ್ಟಲುಗಳನ್ನು ಹಾಕಿದ್ದು ಕ್ರೈಸ್ಲರ್ ಎಂಜಿನಿಯರುಗಳು ಮಾಡಿದ ಮುಖ್ಯ ಸುಧಾರಣೆ. ಆದರೂ ಎಲ್ಲರೂ ಒಪ್ಪಲಿಲ್ಲ. ದ್ರವ ಸೋರಿಹೋದರೆ ಗತಿಯೇನು, ಕಬ್ಬಿಣದ ಸಲಾಕೆಯೇ ವಾಸಿ ಎಂಬ ವಾದ ಬಹುಕಾಲ ಉಳಿಯಿತು. ಫೋರ್ಡ್ ಕಾರುಗಳಿಗೆ ದ್ರವ ಬ್ರೇಕ್ ಬಂದುದು 1939ರ ಮಾದರಿಯಲ್ಲಿ.

ಆ ಅಂಜಿಕೆ ಸುಳ್ಳಾಗಿರಲಿಲ್ಲ. ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಕೊಳವೆಜಾಲ ಇದ್ದಾಗ ಯಾವುದಾದರೂ ಒಂದು ಚಕ್ರದಲ್ಲಿ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕ್ ಹೋಗುತ್ತಿತ್ತು. ಒಂದರ ಹಿಂದೆ ಒಂದು ಎರಡು ಪಿಸ್ಟನ್‌ಗಳಿರುವ ಜೋಡಿ ಮಾಸ್ಟರ್ ಸಿಲಿಂಡರ್ 1962ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಅಮೆರಿಕದಲ್ಲಿ 1968ರಿಂದ ಎರಡು ಪ್ರತ್ಯೇಕ ಜಾಲಗಳಿರುವ ಬ್ರೇಕ್ ಕಾರುಗಳಿಗೆ ಕಡ್ಡಾಯವಾಯಿತು. ಒಂದು ಜಾಲ ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಆದರೆ ಆಗ ಪೆಡಲು ತೀರಾ ಕೆಳಗಿಳಿದ ಮೇಲೆಯೇ ಬ್ರೇಕ್ ಹಿಡಿಯುತ್ತದೆ ಎಂಬುದನ್ನು ನೆನಪಿಡಬೇಕು. ಇಳಿದ ಪೆಡಲನ್ನು ಬರೀ ಗಾಳಿ ಎಂದು ತಳ್ಳಿಹಾಕುವವನು, ಎರಡರಲ್ಲಿ ಒಂದು ಜಾಲ ಆಗಲೇ ಸತ್ತಿರುವುದನ್ನು ಕಾಣದೆ ಹೋಗಬಹುದು.

ಮೈಸೂರಿಗೆ ತಪ್ಪಿದ ಕಾರ್ಖಾನೆ, ಭಾರತಕ್ಕೆ ಬಂದ ಬ್ರೇಕು

ಈ ಚರಿತ್ರೆ ನಮ್ಮ ನಾಡನ್ನೂ ಹಾದುಹೋಗಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪ್ ಮತ್ತು ಅಮೆರಿಕಗಳಲ್ಲಿ ಪ್ರವಾಸ ಮಾಡಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಂಡು ಬಂದು, ಭಾರತದಲ್ಲಿ ಅಂಥ ಕಾರ್ಖಾನೆ ಸ್ಥಾಪಿಸುವ ಯೋಜನೆ ರೂಪಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಇದಕ್ಕೆ ಕೈಜೋಡಿಸಿದರು. ಕ್ರೈಸ್ಲರ್ ಕಂಪನಿಯ ಜೊತೆ ಒಪ್ಪಂದವಾಯಿತು. ಮೈಸೂರು ಸಂಸ್ಥಾನ ನೆರವಾಗಲು ಮುಂದಾಯಿತು. ಆದರೆ ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ಬ್ರಿಟಿಷ್ ಸರಕಾರ ಬೆಂಬಲ ಕೊಡಲಿಲ್ಲ. ಬೆಂಗಳೂರಿಗೆ ಮೋಟಾರು ಕಾರ್ಖಾನೆ ಬರಲಿಲ್ಲ. ವಾಲ್‌ಚಂದ್ ಅವರ ಇನ್ನೊಂದು ಸಾಹಸವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಮಾತ್ರ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡಿತು.

ಕ್ರೈಸ್ಲರ್ ಸಂಬಂಧ ಮುಂದೆ ಮುಂಬಯಿಯಲ್ಲಿ ಫಲ ಕೊಟ್ಟಿತು. 1944ರಲ್ಲಿ ಸ್ಥಾಪನೆಯಾದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಡಾಡ್ಜ್, ಫಾರ್ಗೊ ಲಾರಿಗಳನ್ನು ಹೊರತಂದಿತು. ರಬ್ಬರ್ ಬಟ್ಟಲಿನ ದ್ರವ ಬ್ರೇಕನ್ನು ಬೆಳೆಸಿದ ಕಂಪನಿಯ ಲಾರಿಗಳು ಹೀಗೆ ನಮ್ಮ ರಸ್ತೆಗಳಿಗೆ ಬಂದವು. 1954ರಿಂದ ಜರ್ಮನಿಯ ಬೆನ್ಜ್ ಸಹಯೋಗದ ಟಾಟಾ ಲಾರಿಗಳೂ ಬಂದವು. ಬ್ರೇಕ್ ಭಾಗಗಳನ್ನು ಇಲ್ಲೇ ತಯಾರಿಸುವ ಕೆಲಸ 1960ರ ದಶಕದಲ್ಲಿ ವೇಗ ಪಡೆಯಿತು. ಟಿ.ವಿ.ಎಸ್. ಸಮೂಹ ಮತ್ತು ಇಂಗ್ಲೆಂಡಿನ ಲ್ಯೂಕಾಸ್ ಸೇರಿ 1962ರಲ್ಲಿ ಮದರಾಸಿನಲ್ಲಿ ಬ್ರೇಕ್ಸ್ ಇಂಡಿಯಾ ಸ್ಥಾಪಿಸಿದುವು. ಅದೇ ವರ್ಷ ಅಲ್ಲಿಯೇ ಸುಂದರಂ-ಕ್ಲೇಟನ್ ಸಂಸ್ಥೆ ಗಾಳಿ ಬ್ರೇಕಿನ ಭಾಗಗಳಿಗಾಗಿ ಹುಟ್ಟಿತು.

ಒಂದೇ ವರ್ಷ ಹುಟ್ಟಿದ ಈ ಎರಡು ಸಂಸ್ಥೆಗಳು ಎರಡು ಕವಲುಗಳನ್ನು ತೋರಿಸುತ್ತವೆ. ಗಾಳಿ ಬ್ರೇಕ್ ಹುಟ್ಟಿದ್ದು ರೈಲಿನಲ್ಲಿ; ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಭಾರಿ ಲಾರಿಗಳಲ್ಲಿ ಕಂಪ್ರೆಸರ್ ಗಾಳಿಯನ್ನು ಅದುಮಿ ತೊಟ್ಟಿಯಲ್ಲಿ ತುಂಬುತ್ತದೆ, ಆ ಗಾಳಿಯೇ ಬ್ರೇಕ್ ಒತ್ತುತ್ತದೆ. ಸ್ವಲ್ಪ ಸೋರಿದರೂ ಕಂಪ್ರೆಸರ್ ಮತ್ತೆ ತುಂಬುತ್ತದೆ. ಅಲ್ಲಿ ಪೆಡಲು ಕೇವಲ ಒಂದು ವಾಲ್ವ್. ಅದರ ಮೆದುತನ ಸ್ಪ್ರಿಂಗಿನದು. ಆದ್ದರಿಂದ "ಲಾರಿ ಪೆಡಲು ಮೆತ್ತಗಿದೆ" ಎಂಬ ದೂರು ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಪೂರ್ತಿ ಗಾಳಿ ಬ್ರೇಕೋ, ದ್ರವ ಬ್ರೇಕೋ, ಅಥವಾ ಗಾಳಿಯ ನೆರವಿನಿಂದ ದ್ರವವನ್ನು ಒತ್ತುವ ಮಿಶ್ರ ಬ್ರೇಕೋ? ಒಂದರಲ್ಲಿ ಗಾಳಿ ಕೆಲಸಗಾರ, ಇನ್ನೊಂದರಲ್ಲಿ ಶತ್ರು. ಮೂರನೆಯದರಲ್ಲಿ ಎರಡೂ ಇವೆ. ಅಲ್ಲಿ ಗಾಳಿ ತನ್ನ ಪಾಲಿನ ಕೋಣೆ ಬಿಟ್ಟು ದ್ರವದ ಕಡೆ ಬರಬಾರದು.

1980ರ ದಶಕದ ನಡುವಿನಲ್ಲಿ ಜಪಾನಿ ಸಹಯೋಗದ ಹಗುರ ಲಾರಿಗಳೂ 1986ರಲ್ಲಿ ಟಾಟಾ 407 ಲಾರಿಯೂ ಬಂದು ದ್ರವ ಬ್ರೇಕಿನ ಸಣ್ಣ ಲಾರಿಗಳು ಹಳ್ಳಿ ಹಳ್ಳಿಗೆ ತಲುಪಿದುವು. 2005ರಲ್ಲಿ ಇನ್ನೂ ಚಿಕ್ಕದಾದ ಟಾಟಾ ಏಸ್ ಬಂದಿತು. ಅಂತರಸನಹಳ್ಳಿಯಂಥ ಮಾರುಕಟ್ಟೆಗಳಿಗೆ ತರಕಾರಿ ತರುವುದರಲ್ಲಿ ಇಂಥ ವಾಹನಗಳ ಪಾಲು ದೊಡ್ಡದು. ಇಲ್ಲಿ ಮುಂದೆ ಹೇಳುವುದೆಲ್ಲ ಇವುಗಳ ದ್ರವ ಬ್ರೇಕಿಗೆ ಸಂಬಂಧಿಸಿದ್ದು.

ಪೆಡಲಿನ ನಾಲ್ಕು ಲಕ್ಷಣಗಳು

ವೈದ್ಯರು ಜ್ವರ ಎಂದೊಡನೆ ಔಷಧ ಕೊಡುವುದಿಲ್ಲ. ಎಂಥ ಜ್ವರ ಎಂದು ಕೇಳುತ್ತಾರೆ. ಹಾಗೆಯೇ "ಪೆಡಲು ಸರಿಯಿಲ್ಲ" ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರುತ್ತವೆ.

ಮೊದಲನೆಯದು, ಪೆಡಲು ಬಹಳ ಕೆಳಗಿಳಿಯುತ್ತದೆ, ಆದರೆ ಅಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಎರಡು ಸಲ ತುಳಿದರೆ ಮೇಲೆಯೇ ಗಟ್ಟಿಯಾಗುತ್ತದೆ. ಇದು ಬಹುಮಟ್ಟಿಗೆ ಗಾಳಿಯಲ್ಲ. ಹೊಸ ಶೂಗಳಿಗೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಾಗಿದೆ, ಇಲ್ಲವೇ ಪೆಡಲಿನ ತಳ್ಳುಸಲಾಕೆಯಲ್ಲಿ ಸಡಿಲ ಹೆಚ್ಚಾಗಿದೆ. ಶೂ ಹೊಂದಿಸಿದರೆ ಸರಿಹೋಗುತ್ತದೆ. ಇದನ್ನು ಗಾಳಿ ಎಂದು ತಿಳಿದು ಬಾಟಲಿಗಟ್ಟಲೆ ದ್ರವ ಹರಿಸಿದರೂ ಪ್ರಯೋಜನವಿಲ್ಲ.

ಎರಡನೆಯದು, ಪೆಡಲು ಸ್ಪಂಜಿನಂತೆ ಪುಟಿಯುತ್ತದೆ. ಪಂಪ್ ಹೊಡೆದರೆ ಮೇಲೆ ಬಂದರೂ ಪುಟಿತ ಪೂರ್ತಿ ಹೋಗುವುದಿಲ್ಲ. ಇಲ್ಲಿ ಮೊದಲ ಸಂಶಯ ಗಾಳಿ. ಗಾಳಿಯೆಲ್ಲ ಹೋದ ಮೇಲೂ ಪುಟಿತ ಉಳಿದರೆ, ಒಳಗೆ ಹಳತಾಗಿ ಒತ್ತಡಕ್ಕೆ ಉಬ್ಬುವ ರಬ್ಬರ್ ಹೋಸನ್ನೂ, ಹೊಸ ಲೈನರಿನ ಬಾಗನ್ನೂ ನೋಡಬೇಕು. ಸವೆದು ಒಳಗಿನಿಂದ ಅಗಲವಾದ ಡ್ರಮ್ಮಿನ ಬಾಗಿಗೆ ಹೊಸ ಲೈನರಿನ ಬಾಗು ಹೊಂದದಿದ್ದರೆ, ಶೂ ಒಂದು ಭಾಗದಲ್ಲಿ ಮಾತ್ರ ತಾಗಿ ಒತ್ತಡ ಹೆಚ್ಚಿದಾಗ ಬಿಲ್ಲಿನಂತೆ ಬಾಗುತ್ತದೆ. ಕಾಲಿಗೆ ಅದೂ ಸ್ಪಂಜೇ.

ಮೂರನೆಯದು, ಪೆಡಲನ್ನು ಸಮವಾಗಿ ಒತ್ತಿಹಿಡಿದರೆ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಹೊರಗೆ ಎಲ್ಲೋ ಸೋರುತ್ತಿದೆ. ಹೊರಗೆ ಹಸಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಬಟ್ಟಲು ಒಳಗೊಳಗೇ ದ್ರವ ಬಿಡುತ್ತಿದೆ.

ನಾಲ್ಕನೆಯದು, ಗ್ಯಾರೇಜಿನಲ್ಲಿ ಚೆನ್ನಾಗಿದ್ದ ಪೆಡಲು ಘಾಟಿ ಇಳಿಯುವಾಗ ಮೆತ್ತಗಾಗುತ್ತದೆ. ಇದು ದ್ರವದೊಳಗಿನ ನೀರಿನ ಕೆಲಸ. ಇದರ ಕಥೆ ಮುಂದೆ ಬರುತ್ತದೆ.

ಎಂಜಿನ್ ನಿಲ್ಲಿಸಿ, ನಾಲ್ಕೈದು ಸಲ ತುಳಿದು ಬೂಸ್ಟರಿನ ನೆರವನ್ನು ಖಾಲಿ ಮಾಡಿ, ಆಮೇಲೆ ಪೆಡಲನ್ನು ಪರೀಕ್ಷಿಸುವುದು ಒಳ್ಳೆಯದು. ನಿರ್ವಾತ ಬೂಸ್ಟರ್ ಇರುವ ವಾಹನದಲ್ಲಿ ಪೆಡಲನ್ನು ಒತ್ತಿಹಿಡಿದು ಎಂಜಿನ್ ಚಾಲೂ ಮಾಡಿದಾಗ ಅದು ಸ್ವಲ್ಪ ಇಳಿಯುವುದು ಸಹಜ, ಅದು ದೋಷವಲ್ಲ.

ಪಂಪ್ ಹೊಡೆದರೆ ಪೆಡಲು ಏಕೆ ಏರುತ್ತದೆ?

ಮಾಸ್ಟರ್ ಸಿಲಿಂಡರಿನಲ್ಲಿ ದ್ರವದ ಡಬ್ಬಿಗೆ ಸೇರುವ ಸಣ್ಣ ರಂಧ್ರವಿದೆ. ಪೆಡಲು ಬಿಟ್ಟಾಗ ಹೆಚ್ಚಾದ ದ್ರವ ಅದರ ಮೂಲಕ ಡಬ್ಬಿಗೆ ಮರಳುತ್ತದೆ. ಆದರೆ ಪೆಡಲನ್ನು ಬೇಗಬೇಗ ತುಳಿದರೆ ಚಕ್ರಗಳ ಕಡೆಯಿಂದ ದ್ರವ ಮರಳುವ ಮೊದಲೇ ಪಿಸ್ಟನ್ ಹಿಂದೆ ಸರಿಯುತ್ತದೆ. ಡಬ್ಬಿಯಿಂದ ಬಂದ ದ್ರವ ಬಟ್ಟಲಿನ ಅಂಚನ್ನು ಸರಿಸಿಕೊಂಡು ಮುಂದಕ್ಕೆ ನುಗ್ಗುತ್ತದೆ. ಮುಂದಿನ ತುಳಿತದಲ್ಲಿ ಕೊಳವೆಯೊಳಗೆ ಹೆಚ್ಚು ದ್ರವ ಇರುತ್ತದೆ. ಶೂಗಳು ಆಗಲೇ ಡ್ರಮ್ಮಿನ ಹತ್ತಿರವಿರುತ್ತವೆ, ಗಾಳಿಗುಳ್ಳೆ ಆಗಲೇ ಕುಗ್ಗಿರುತ್ತದೆ. ಆದ್ದರಿಂದ ಪೆಡಲು ಏರುತ್ತದೆ. ಒಂದೆರಡು ಕ್ಷಣ ಬಿಟ್ಟರೆ ದ್ರವ ಮರಳಿಹೋಗಿ ಎಲ್ಲ ಮೊದಲಿನಂತೆ.

ಗಂಟೆಗೆ 54 ಕಿ.ಮೀ. ವೇಗದಲ್ಲಿ ಹೋಗುವ ಲಾರಿ ಒಂದು ಸೆಕೆಂಡಿಗೆ 15 ಮೀಟರ್ ಸಾಗುತ್ತದೆ. ಮಗುವೊಂದು ರಸ್ತೆಗೆ ಓಡಿಬಂದಾಗ ಮೂರು ಸಲ ತುಳಿಯಲು ಬೇಕಾದ ಸಮಯದಲ್ಲಿ ಲಾರಿ ಎಷ್ಟು ಮುಂದೆ ಹೋಗಿರುತ್ತದೆ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಗಾಳಿ ತೆಗೆದರೂ ಗಾಳಿ ಉಳಿಯುವುದೇಕೆ?

ಬ್ಲೀಡರ್ ತಿರುಪಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿರುವ ದ್ರವದೊಳಗೆ ಮುಳುಗಿಸಿ, ಒಬ್ಬರು ಪೆಡಲು ತುಳಿಯುವುದು, ಇನ್ನೊಬ್ಬರು ತಿರುಪು ಬಿಚ್ಚಿ ಗುಳ್ಳೆ ಹೊರಬಿಟ್ಟು, ಪೆಡಲು ಮೇಲೆ ಬರುವ ಮೊದಲೇ ಬಿಗಿಯುವುದು. ಈ ವಿಧಾನ ಎಲ್ಲರಿಗೂ ಗೊತ್ತು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸುತ್ತಾರೆ. ತಯಾರಕರ ಪುಸ್ತಕದಲ್ಲಿ ಬೇರೆ ಕ್ರಮವಿದ್ದರೆ ಅದನ್ನೇ ಅನುಸರಿಸಬೇಕು. ಹೀಗೆ ಮಾಡಿದರೂ ಗಾಳಿ ಉಳಿದಿದ್ದರೆ, ಯಾವ ಭಾಗವನ್ನು ಬದಲಾಯಿಸಲಾಯಿತು ಎಂಬುದೇ ಮುಖ್ಯ ಸುಳಿವು.

ಮಾಸ್ಟರ್ ಸಿಲಿಂಡರ್ ಹೊಸದಾದರೆ, ಗಾಳಿ ಅದರ ಒಳಗೇ ಉಳಿದಿರಬಹುದು. ಜೋಡಿ ಪಿಸ್ಟನ್ನಿನ ಸಿಲಿಂಡರಿನಲ್ಲಿ ಇದು ಹೆಚ್ಚು. ಅದನ್ನು ವಾಹನಕ್ಕೆ ಕೂರಿಸುವ ಮೊದಲೇ ಬೆಂಚಿನ ಮೇಲೆ ಹಿಡಿದು, ಹೊರದಾರಿಗಳಿಂದ ಕೊಳವೆಗಳನ್ನು ಡಬ್ಬಿಗೇ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ ಒತ್ತಿ ದ್ರವ ತುಂಬಬೇಕು.

ಚಕ್ರದ ಕಡೆಯ ಭಾಗ ಬದಲಾಗಿದ್ದರೆ, ಬ್ಲೀಡರ್ ತಿರುಪು ಎಲ್ಲಿದೆ ನೋಡಬೇಕು. ಗಾಳಿ ಮೇಲಕ್ಕೇರುತ್ತದೆ, ಆದ್ದರಿಂದ ತಿರುಪು ಅತಿ ಎತ್ತರದ ಜಾಗದಲ್ಲಿರಬೇಕು. ಡಿಸ್ಕ್ ಬ್ರೇಕಿನ ಎಡ ಬಲ ಕ್ಯಾಲಿಪರುಗಳು ಅದಲುಬದಲಾದರೆ ಬೋಲ್ಟು ಸರಿಯಾಗಿಯೇ ಕೂರಬಹುದು, ಆದರೆ ತಿರುಪು ಕೆಳಗೆ ಬರುತ್ತದೆ. ಆಗ ಎಷ್ಟು ದ್ರವ ಹರಿಸಿದರೂ ಮೇಲಿನ ಗಾಳಿ ಹಾಗೇ ಇರುತ್ತದೆ.

ಅನೇಕ ಸಣ್ಣ ಲಾರಿಗಳಲ್ಲಿ ಹಿಂದಿನ ಆಕ್ಸಲಿನ ಬಳಿ ಲೋಡಿಗೆ ತಕ್ಕಂತೆ ಹಿಂಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಇರುತ್ತದೆ. ಚಾಸಿಯನ್ನು ಜಾಕಿನಿಂದ ಎತ್ತಿ ಆಕ್ಸಲ್ ಜೋತಾಡುವಾಗ, ಲಾರಿ ಖಾಲಿಯಿದೆ ಎಂದು ತಿಳಿದು ವಾಲ್ವ್ ಹಿಂದಕ್ಕೆ ಹೋಗುವ ದ್ರವವನ್ನು ತಡೆಹಿಡಿಯುತ್ತದೆ. ಹೀಗಾಗಿ ಹಿಂಭಾಗದ ಗಾಳಿ ಪೂರ್ತಿ ಹೊರಬರುವುದಿಲ್ಲ. ಇಂಥ ವಾಹನದ ಚಕ್ರಗಳು ನೆಲದ ಮೇಲಿರುವಾಗಲೇ ಗಾಳಿ ತೆಗೆಯಬೇಕು. ಎ.ಬಿ.ಎಸ್. ಇರುವ ವಾಹನದಲ್ಲಿ ಅದರ ಪೆಟ್ಟಿಗೆಯೊಳಗೆ ಹೊಕ್ಕ ಗಾಳಿಯನ್ನು ತೆಗೆಯಲು ತಯಾರಕರು ಹೇಳಿದ ಪರೀಕ್ಷಾ ಉಪಕರಣವೇ ಬೇಕಾಗಬಹುದು.

ಗಾಳಿ ತೆಗೆಯುವ ಕೆಲಸವೇ ಹಳೆಯ ಮಾಸ್ಟರ್ ಸಿಲಿಂಡರನ್ನು ಕೆಡಿಸುವುದೂ ಉಂಟು. ನಿತ್ಯದ ಓಟದಲ್ಲಿ ಪಿಸ್ಟನ್ ಅರ್ಧ ದಾರಿಯಷ್ಟೇ ಹೋಗುತ್ತದೆ. ಆಚೆಯ ಗೋಡೆಯಲ್ಲಿ ತುಕ್ಕು, ಕಸ ಕೂತಿರುತ್ತದೆ. ಬ್ಲೀಡ್ ಮಾಡುವಾಗ ಪೆಡಲನ್ನು ತಳ ಮುಟ್ಟುವವರೆಗೆ ತುಳಿದರೆ ಬಟ್ಟಲಿನ ಅಂಚು ಆ ಒರಟು ಜಾಗಕ್ಕೆ ಉಜ್ಜಿ ಗಾಯಗೊಳ್ಳುತ್ತದೆ. ಮರುದಿನ ಪೆಡಲು ನಿಧಾನವಾಗಿ ಇಳಿಯತೊಡಗುತ್ತದೆ. ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟರೆ ಇದು ತಪ್ಪುತ್ತದೆ.

ದೋಷ ಯಾವ ಚಕ್ರದಲ್ಲಿದೆ ಎಂದು ತಿಳಿಯಲು ಒಂದೊಂದೇ ಹೋಸನ್ನು ಮೊಂಡು ಬಾಯಿಯ ಸರಿಯಾದ ಕ್ಲ್ಯಾಂಪಿನಿಂದ ಮೆಲ್ಲನೆ ಅಮುಕಿ ಪೆಡಲು ತುಳಿಯುವ ಪರೀಕ್ಷೆಯಿದೆ. ಯಾವುದನ್ನು ಅಮುಕಿದಾಗ ಪೆಡಲು ಗಟ್ಟಿಯಾಯಿತೋ ತೊಂದರೆ ಅದರ ಆಚೆಗಿದೆ. ಎಲ್ಲವನ್ನೂ ಅಮುಕಿದರೂ ಮೆತ್ತಗಿದ್ದರೆ ಮಾಸ್ಟರ್ ಸಿಲಿಂಡರಿನ ಕಡೆ ನೋಡಬೇಕು. ಇಕ್ಕಳದಿಂದ ಹಿಸುಕಿ ಹೋಸನ್ನು ಗಾಯಗೊಳಿಸಬಾರದು. ಹೊರಗೆ ಲೋಹದ ಹೆಣಿಗೆಯಿರುವ ಹೋಸುಗಳಿಗೆ ಈ ಪರೀಕ್ಷೆ ಬೇಡ.

ಹರಳೆಣ್ಣೆಯಿಂದ ಗ್ಲೈಕಾಲಿಗೆ

ಮೊದಲ ಕಾಲದ ಬ್ರೇಕ್ ದ್ರವಗಳಲ್ಲಿ ಹರಳೆಣ್ಣೆ ಮತ್ತು ಆಲ್ಕೊಹಾಲಿನ ಮಿಶ್ರಣ ಮುಖ್ಯವಾಗಿತ್ತು. ನಮ್ಮ ಹೊಲಗಳ ಹರಳು ಗಿಡದ ಎಣ್ಣೆಗೆ ಆ ಗೌರವ ಏಕೆ ಸಿಕ್ಕಿತು? ಹರಳೆಣ್ಣೆ ರಬ್ಬರನ್ನು ಕೆಡಿಸುವುದಿಲ್ಲ. ಎಂಜಿನ್ ಎಣ್ಣೆಯಂಥ ಖನಿಜ ತೈಲ ತಗಲಿದರೆ ರಬ್ಬರ್ ಬಟ್ಟಲು ಉಬ್ಬಿ ಮೆತ್ತಗಾಗಿ ಅಂಚು ಕಳೆದುಕೊಳ್ಳುತ್ತದೆ. ಆದರೆ ಆಲ್ಕೊಹಾಲ್ ಬೇಗ ಕುದಿಯುತ್ತದೆ. ವಾಹನಗಳ ವೇಗವೂ ಭಾರವೂ ಹೆಚ್ಚಿ ಬ್ರೇಕ್ ಹೆಚ್ಚು ಕಾಯತೊಡಗಿದಾಗ, ಕುದಿಬಿಂದು ಮೇಲಿರುವ ಗ್ಲೈಕಾಲ್ ಮೂಲದ ದ್ರವಗಳು ಬಂದುವು. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಕಾಣುವ ಹೆಸರುಗಳು ಅಮೆರಿಕದ ಸಾರಿಗೆ ಇಲಾಖೆಯ ಮಾನಕದಿಂದ ಬಂದುವು.

ಗ್ಲೈಕಾಲಿನ ದೌರ್ಬಲ್ಯ ನೀರು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಾನಕದಲ್ಲಿ ಹೇಳಿದಷ್ಟು ನೀರು ಹೀರಿದ ಮೇಲೆ 140 ಡಿಗ್ರಿ ಇದ್ದರೆ ಸಾಕು. ಡಾಟ್ 4ಕ್ಕೆ ಇವು 230 ಮತ್ತು 155. ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಲೋಡಿನ ಲಾರಿ ಬ್ರೇಕ್ ಹಿಡಿಯುತ್ತ ಇಳಿಯುವಾಗ, ಹಳೆಯ ದ್ರವ ವೀಲ್ ಸಿಲಿಂಡರಿನಲ್ಲೇ ಕುದಿಯಬಹುದು. ನೀರು ಆವಿಯಾದರೆ ಗಾತ್ರ ಸಾವಿರ ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಆಗ ಪೆಡಲು ಒತ್ತುವುದು ಆವಿಯನ್ನು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲು ಗಟ್ಟಿಯಾಗುತ್ತದೆ. ದೋಷದ ಗುರುತೂ ಉಳಿಯುವುದಿಲ್ಲ. ಬ್ಲೀಡ್ ಮಾಡಿ ಬಾಟಲಿಗೆ ಬಂದ ದ್ರವವನ್ನು ಮತ್ತೆ ಡಬ್ಬಿಗೆ ಸುರಿಯಬಾರದು, ಬಹುಕಾಲ ಮುಚ್ಚಳ ತೆರೆದಿಟ್ಟ ಡಬ್ಬಿಯನ್ನು ಬಳಸಬಾರದು ಎನ್ನುವುದು ಈ ಕಾರಣಕ್ಕೆ.

ಡಬ್ಬಿಯಲ್ಲಿರುವುದು ಬ್ರೇಕ್ ದ್ರವವೋ ಖನಿಜ ತೈಲವೋ ಎಂಬ ಸಂಶಯವಿದ್ದರೆ ಸುಲಭ ಪರೀಕ್ಷೆಯೊಂದಿದೆ. ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಕಿ ಕದಡಿ. ಗ್ಲೈಕಾಲ್ ದ್ರವ ನೀರಿನಲ್ಲಿ ಬೆರೆಯುತ್ತದೆ. ಖನಿಜ ತೈಲ ಮೇಲೆ ತೇಲುತ್ತದೆ. ತೇಲಿದರೆ, ಬರೀ ದ್ರವ ಬದಲಾಯಿಸಿದರೆ ಸಾಲದು. ಅದು ಮುಟ್ಟಿದ ರಬ್ಬರ್ ಭಾಗಗಳೆಲ್ಲ ಬದಲಾಗಬೇಕು.

ಕೊನೆಯ ಪರೀಕ್ಷಕ

ಕೇಂದ್ರ ಮೋಟಾರು ವಾಹನ ನಿಯಮಗಳು, 1989 ವಾಹನದ ಬ್ರೇಕ್ ಹೇಗಿರಬೇಕೆಂದು ವಿಧಿಸಿವೆ. ಸರಕು ವಾಹನಗಳಿಗೆ ಕಾಲಕಾಲಕ್ಕೆ ಅರ್ಹತಾ ಪತ್ರ ಕಡ್ಡಾಯ. ಆದರೆ ಆ ತಪಾಸಣೆ ನಡೆಯುವುದು ನಿಗದಿತ ದಿನ. ನಡುವೆ ಶೂ ಬದಲಾದ ಸಂಜೆ, ಹೋಸು ಬದಲಾದ ಬೆಳಿಗ್ಗೆ ವಾಹನವನ್ನು ನೋಡುವ ಅಧಿಕಾರಿ ಯಾರೂ ಇಲ್ಲ. ಆಗ ಕೊನೆಯ ಪರೀಕ್ಷಕರು ಕೆಲಸ ಮಾಡಿದ ಮೇಸ್ತ್ರಿ ಮತ್ತು ಕೀಲಿಕೈ ಪಡೆಯುವ ಚಾಲಕ, ಇಬ್ಬರೇ.

ಆ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಎಂಜಿನ್ ನಿಲ್ಲಿಸಿ ಒಂದೇ ಸಲ ತುಳಿದಾಗ ಪೆಡಲು ಗಟ್ಟಿಯಾಗಿ, ಎತ್ತರದಲ್ಲಿ ನಿಲ್ಲಬೇಕು. ಒಂದು ನಿಮಿಷ ಒತ್ತಿಹಿಡಿದರೂ ಇಳಿಯಬಾರದು. ಡಬ್ಬಿಯ ಮಟ್ಟ ತಗ್ಗಬಾರದು, ಚಕ್ರದ ಒಳಬದಿಯಲ್ಲಿ ಹಸಿ ಕಾಣಬಾರದು. ಆಮೇಲೆ ಖಾಲಿ ಲಾರಿಯನ್ನು ಜನರಿಲ್ಲದ ಜಾಗದಲ್ಲಿ ನಿಧಾನವಾಗಿ ಓಡಿಸಿ ನಿಲ್ಲಿಸಿ ನೋಡಬೇಕು. ಇಷ್ಟೂ ಸರಿಯಾದ ಮೇಲೆಯೇ ಲೋಡು.

ಚರ್ಮದ ಬಟ್ಟಲು ಸೋರಿದಾಗ ರಬ್ಬರ್ ಬಂದಿತು, ಒಂದು ಜಾಲ ಸಾಲದೆ ಹೋದಾಗ ಎರಡಾದುವು, ಆಲ್ಕೊಹಾಲ್ ಕುದಿದಾಗ ಗ್ಲೈಕಾಲ್ ಬಂದಿತು. ಈ ಒಂದೊಂದು ಹೆಜ್ಜೆಯೂ, ತುಳಿದ ಕಾಲಿಗೂ ತಿರುಗುವ ಚಕ್ರಕ್ಕೂ ನಡುವೆ ಕುಗ್ಗುವ ವಸ್ತು ಯಾವುದೂ ಇರಬಾರದು, ಒತ್ತಡ ಸೋರಿಹೋಗಬಾರದು ಎಂಬುದಕ್ಕಾಗಿಯೇ. ಮೆತ್ತಗಿನ ಪೆಡಲು ಎದುರಾದಾಗ "ಸ್ವಲ್ಪ ಓಡಲಿ" ಎನ್ನದೆ, "ಇಲ್ಲಿ ಕುಗ್ಗುತ್ತಿರುವುದು ಯಾವುದು? ಸೋರುತ್ತಿರುವುದು ಎಲ್ಲಿ?" ಎಂದು ಕ್ರಮವಾಗಿ ಕೇಳುವ ಮೇಸ್ತ್ರಿ ಪಾಸ್ಕಲ್, ಬಾಯ್ಲರ ವಿಜ್ಞಾನವನ್ನೇ ಬಳಸುತ್ತಿರುತ್ತಾನೆ. ತರಕಾರಿ ಒಂದು ಗಂಟೆ ತಡವಾಗಿ ಮಾರುಕಟ್ಟೆ ತಲುಪಿದರೆ ಆಗುವ ನಷ್ಟವನ್ನು ಮುಂದೆ ತುಂಬಿಕೊಳ್ಳಬಹುದು. ರಸ್ತೆಯಲ್ಲಿ ಹೋದ ಜೀವ ಮರಳಿ ಬರುವುದಿಲ್ಲ.